ಪುಸ್ತಕ ಆಗಸ್ಟಿಗೆ ಬಂದರೆ ಮಗು ಜೂನಿನಲ್ಲಿ ಬರೆಯುವುದು ಎಲ್ಲಿ?

ಮಂಗಳೂರು: ಸ್ಟೇಟ್ ಬ್ಯಾಂಕ್ ಬಸ್ ನಿಲ್ದಾಣದಿಂದ ಹಂಪನಕಟ್ಟೆ ಕಡೆಗೆ ದಿನಾ ನಡೆಯುವವರು ಸಾವಿರಾರು ಮಂದಿ. ಕಚೇರಿಗೆ ಹೋಗುವವರು, ಅಂಗಡಿ ಬಾಗಿಲು ತೆಗೆಯುವವರು, ಕೋರ್ಟಿಗೆ ಬಂದವರು. ಅಲ್ಲೇ ಪುರಭವನ. ಅದರ ಹಣೆಯ ಮೇಲೆ ಒಬ್ಬ ವಕೀಲರ ಹೆಸರುಂಟು, ಕುದ್ಮುಲ್ ರಂಗರಾವ್. ಇದೇ ಪೇಟೆಯಲ್ಲಿ ವರ್ಷಾನುಗಟ್ಟಲೆ ಕಿತ್ತಳೆ ಬುಟ್ಟಿ ಹೊತ್ತು ತಿರುಗಿದವರು ಇನ್ನೊಬ್ಬರು, ಹರೇಕಳ ಹಾಜಬ್ಬ. ಒಬ್ಬರು ಕಾನೂನು ಓದಿದವರು, ಇನ್ನೊಬ್ಬರು ಶಾಲೆಯ ಮೆಟ್ಟಿಲೇ ಹತ್ತದವರು. ಇಬ್ಬರೂ ಕೈ ಹಾಕಿದ್ದು ಮಾತ್ರ ಒಂದೇ ಕೆಲಸಕ್ಕೆ. ಬಡವರ ಮಗುವನ್ನು ಶಾಲೆಗೆ ತರುವುದು, ಬಂದ ಮಗು ತಿರುಗಿ ಹೋಗದ ಹಾಗೆ ನೋಡಿಕೊಳ್ಳುವುದು.

ಈಗ ಈ ಕೆಲಸಕ್ಕೆ ಜನ ಕಡಿಮೆ ಇಲ್ಲ. ಯುವಕ ಮಂಡಲ, ಹಳೆ ವಿದ್ಯಾರ್ಥಿ ಸಂಘ, ಗಣೇಶೋತ್ಸವ ಸಮಿತಿ, ಲಯನ್ಸು, ರೋಟರಿ, ಆಟೊ ಚಾಲಕರ ಸಂಘ ಹೀಗೆ ಒಂದಲ್ಲ ಒಂದು ಕಡೆಯಿಂದ ಲಾಂಗ್‌ಬುಕ್ಕು, ಬ್ಯಾಗು, ಕೊಡೆ ಶಾಲೆಗೆ ಬಂದು ಬೀಳುತ್ತವೆ. ಬೀಳಲಿ, ಸಂತೋಷ. ಆದರೆ ಅವು ಬೀಳುವ ಹೊತ್ತು ಮತ್ತು ಬೀಳುವ ರೀತಿ ಎರಡನ್ನೂ ಸ್ವಲ್ಪ ಗಮನಿಸಬೇಕಾಗಿದೆ.

ಶಾಲೆ ಶುರುವಾಗುವುದು ಜೂನ್ ಹೊತ್ತಿಗೆ. ಮುಖ್ಯ ಅತಿಥಿಗಳಿಗೆ ಪುರುಸೊತ್ತಾಗುವುದು ಯಾವಾಗ? ಬಹಳ ಕಡೆ ಸ್ವಾತಂತ್ರ್ಯ ದಿನಾಚರಣೆಗೆ! ಅಷ್ಟರಲ್ಲಿ ಎರಡು ತಿಂಗಳ ಪಾಠ ಮುಗಿದಿರುತ್ತದೆ. ಪುಸ್ತಕ ಇಲ್ಲದ ಹುಡುಗ ಕಳೆದ ವರ್ಷದ ಪುಸ್ತಕದ ಹಿಂದಿನ ಖಾಲಿ ಹಾಳೆಗಳಲ್ಲಿ ಗಣಿತವನ್ನೂ ಕನ್ನಡವನ್ನೂ ಒಟ್ಟಿಗೆ ತುರುಕಿರುತ್ತಾನೆ. ಟೀಚರು ಕೇಳಿದರೆ "ಮನೆಯಲ್ಲಿ ಬಿಟ್ಟು ಬಂದೆ" ಅಂತಾನೆ. ಮೂರು ಸಲ ಹಾಗೆ ಹೇಳಬಹುದು. ನಾಲ್ಕನೇ ಸಲ ಹೇಳಲು ನಾಚಿಕೆಯಾಗಿ ಶಾಲೆಗೇ ಬರುವುದಿಲ್ಲ. ಹೊಟ್ಟೆನೋವು ಅಂತ ಮನೆಯಲ್ಲಿ ಕೂತವನು ನಿಧಾನಕ್ಕೆ ಗ್ಯಾರೇಜಿಗೋ ಮೀನಿನ ದಕ್ಕೆಗೋ ಹೋಗಲು ಎಷ್ಟು ದಿನ ಬೇಕು ಮಾರಾಯ್ರೇ?

ಇನ್ನು ಕೊಡುವ ರೀತಿ. ಮೇಲೆ ಬ್ಯಾನರು, "ಬಡ ಮಕ್ಕಳಿಗೆ ಉಚಿತ ಪುಸ್ತಕ ವಿತರಣೆ". ಕೆಳಗೆ ಸಾಲಾಗಿ ನಿಂತ ಮಕ್ಕಳು. ಪುಸ್ತಕದ ಒಂದು ತುದಿ ಮಗುವಿನ ಕೈಯಲ್ಲಿ, ಇನ್ನೊಂದು ತುದಿ ಮೂರು ಮಂದಿ ದೊಡ್ಡವರ ಕೈಯಲ್ಲಿ. ಎಲ್ಲರ ಕಣ್ಣೂ ಫೋಟೊದವನ ಮೇಲೆ. ಮಗುವಿಗೆ ಅಕ್ಷರ ಓದಲು ಬರ್ತದೆ ಎಂಬುದನ್ನು ಬ್ಯಾನರು ಬರೆಸಿದವರು ಮರೆತಿರುತ್ತಾರೆ. ತಲೆಯ ಮೇಲೆ ತೂಗುವ "ಬಡ" ಎಂಬ ಎರಡಕ್ಷರವನ್ನು ಅದು ಎಲ್ಲರಿಗಿಂತ ಮೊದಲು ಓದಿರುತ್ತದೆ.

ಸರಕಾರ ಕೊಡುವುದಿಲ್ಲವಾ? ಕೊಡ್ತದೆ. ಪಠ್ಯಪುಸ್ತಕ, ಸಮವಸ್ತ್ರ, ಶೂ, ಅಕ್ಷರ ದಾಸೋಹದ ಊಟ, 2013ರಿಂದ ಕ್ಷೀರಭಾಗ್ಯದ ಹಾಲು. ಇವೆಲ್ಲ ಬಂದ ಮೇಲೆ ಹಸಿದು ಕೂರುವ ಮಕ್ಕಳು ಕಡಿಮೆಯಾಗಿದ್ದಾರೆ, ಅದನ್ನು ಒಪ್ಪಲೇಬೇಕು. ಆದರೆ ಈ ಜಿಲ್ಲೆಯ ಮಳೆ ಯೋಜನೆ ಕೇಳಿ ಬರುವುದಿಲ್ಲ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಸುರಿಯುವ ಊರಿನಲ್ಲಿ ಒದ್ದೆಯಾದ ಅಂಗಿ ಮರುದಿನಕ್ಕೆ ಒಣಗುವುದುಂಟಾ? ಒಣಗದಿದ್ದರೆ ಮಗು ಮನೆಯಲ್ಲಿ. ಕೊಡೆ ಇಲ್ಲದಿದ್ದರೂ ಮನೆಯಲ್ಲಿ. ಪೆನ್ಸಿಲು, ರಬ್ಬರು, ಕಂಪಾಸು ಪೆಟ್ಟಿಗೆ ಇಂಥ ಚಿಲ್ಲರೆ ಸಾಮಾನುಗಳ ಕಥೆಯೂ ಅಷ್ಟೇ. ಪೇಟೆಯವರಿಗೆ ಅದು ಚಿಲ್ಲರೆ. ಬೀಡಿ ಕಟ್ಟಿ ವಾರದ ಮಜೂರಿ ಎಣಿಸುವ ತಾಯಿಗೆ ಅದು ಒಂದು ದಿನದ ಅಕ್ಕಿ.

ವಕೀಲರ ಲೆಕ್ಕ

ಈ ಲೆಕ್ಕ ರಂಗರಾಯರಿಗೆ ನೂರು ವರ್ಷಕ್ಕೂ ಹಿಂದೆಯೇ ಗೊತ್ತಿತ್ತು. 1859ರಲ್ಲಿ ಹುಟ್ಟಿದ ಅವರು 1892ರಲ್ಲಿ ಚಿಲಿಂಬಿಯಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದರು. ಮುಟ್ಟಿದರೆ ಮೈಲಿಗೆ ಎನ್ನುತ್ತಿದ್ದ ಕಾಲ. ಸ್ವಂತ ಜಾತಿಯವರೇ ಬಹಿಷ್ಕಾರ ಹಾಕಿದರು. ಅವರು ಹೆದರಲಿಲ್ಲ, 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದರು.

ಶಾಲೆ ತೆರೆದರೆ ಮಕ್ಕಳು ಬಂದುಬಿಡುತ್ತಾರಾ? ಮಗು ಶಾಲೆಗೆ ಬಂದರೆ ಮನೆಗೆ ಒಂದು ಜೋಡಿ ಕೈ ಕಡಿಮೆ, ಅಂದಿನ ಕೂಲಿ ಕಡಿಮೆ. ಅದಕ್ಕೇ ರಾಯರು ಮಧ್ಯಾಹ್ನದ ಊಟ ಹಾಕಿಸಿದರು, ಹಾಜರಿಗೆ ಇಷ್ಟು ಅಂತ ಚಿಲ್ಲರೆ ಕಾಸನ್ನೂ ಕೊಟ್ಟರು. ಭಾಷಣಕ್ಕೆ ಬಗ್ಗದ ತಂದೆತಾಯಿ ಆ ಕಾಸಿಗೆ ಬಗ್ಗಿದರೆ ಅದು ಅವರ ತಪ್ಪಲ್ಲ, ಹೊಟ್ಟೆಯ ಮಾತು. ತನ್ನ ಶಾಲೆಯಲ್ಲಿ ಓದಿದ ಮಗು ದೊಡ್ಡ ಹುದ್ದೆಗೇರಿ ಇದೇ ಬೀದಿಯಲ್ಲಿ ಕಾರಿನಲ್ಲಿ ಹೋಗಬೇಕು, ಆ ಚಕ್ರದ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಅವರು ತೀರಿಕೊಂಡದ್ದು 1928ರಲ್ಲಿ.

ಹಣ್ಣಿನವರ ಲೆಕ್ಕ

ಹಾಜಬ್ಬರ ಕಥೆ ಬಸ್ಸಿನವರಿಗೆಲ್ಲ ಗೊತ್ತು. ಆದರೂ ಒಮ್ಮೆ ಹೇಳಬೇಕು. ವಿದೇಶಿ ದಂಪತಿ ಕಿತ್ತಳೆಗೆ ಎಷ್ಟು ಅಂತ ಇಂಗ್ಲಿಷಿನಲ್ಲಿ ಕೇಳಿದರು. ತುಳು, ಬ್ಯಾರಿ ಬಿಟ್ಟರೆ ಬೇರೆ ಮಾತು ಅಷ್ಟಾಗಿ ಬಾರದ ಹಾಜಬ್ಬರಿಗೆ ತನ್ನ ಬುಟ್ಟಿಯ ಹಣ್ಣಿನ ಬೆಲೆ ಹೇಳಲಾಗಲಿಲ್ಲ. ಗಿರಾಕಿ ಹೋದರು, ಅವಮಾನ ಉಳಿಯಿತು. ವ್ಯಾಪಾರದವರಿಗೆ ಇದು ಚೆನ್ನಾಗಿ ಅರ್ಥವಾಗುವ ಸಂಗತಿ. ಬೇರೆಯವರಾದರೆ ಇಂಗ್ಲಿಷಿನ ನಾಲ್ಕು ಸಂಖ್ಯೆ ಬಾಯಿಪಾಠ ಮಾಡಿಕೊಂಡು ಸುಮ್ಮನಾಗುತ್ತಿದ್ದರು. ಇವರು ತನ್ನೂರು ನ್ಯೂಪಡ್ಪುವಿನ ಮಕ್ಕಳಿಗೆ ಇಂಥ ಗತಿ ಬೇಡ ಅಂತ ಶಾಲೆಯ ಬೆನ್ನು ಹಿಡಿದರು.

ಹಿಡಿದದ್ದು ಒಂದೆರಡು ದಿನವಲ್ಲ, ವರ್ಷಗಳೇ. ಕಚೇರಿಯಿಂದ ಕಚೇರಿಗೆ, ಮೇಜಿನಿಂದ ಮೇಜಿಗೆ ಅಲೆದಾಟ. ಕೊನೆಗೆ ಶಾಸಕರಾಗಿದ್ದ ಯು.ಟಿ. ಫರೀದ್ ಅವರ ನೆರವು ಸಿಕ್ಕಿ ಸರಕಾರಿ ಶಾಲೆ ಮಂಜೂರಾಯಿತು. ಶುರುವಾದಾಗ ಸ್ವಂತ ಕಟ್ಟಡವಿರಲಿಲ್ಲ, ಮದ್ರಸದಲ್ಲೇ ಪಾಠ. ಮಕ್ಕಳು 28. ಆಮೇಲೆ ಜಾಗ ಸಿಕ್ಕಿತು, ಕಟ್ಟಡ ಎದ್ದಿತು, ಪ್ರೌಢಶಾಲೆಯೂ ಬಂತು. ಹಣ್ಣು ಮಾರಿದ ಉಳಿತಾಯವೂ, ಮುಂದೆ ಬಂದ ಪ್ರಶಸ್ತಿಯ ಹಣವೂ ಅಲ್ಲಿಗೇ ಹೋಯಿತು. ಅವರದೇ ಮನೆ? ಅದರ ಮಾತು ಬೇಡ.

ಆದರೆ ಕಟ್ಟಡಕ್ಕಿಂತ ದೊಡ್ಡದು ಇನ್ನೊಂದುಂಟು. ಶಾಲೆ ತಾನು ಮಾಡಿಸಿದ್ದು ಅಂತ ಹಾಜಬ್ಬರು ಅಲ್ಲಿ ಕುರ್ಚಿ ಹಾಕಿ ಕೂರಲಿಲ್ಲ. ಅಂಗಳ ಗುಡಿಸಿದರು, ಮಕ್ಕಳಿಗೆ ಕುಡಿಯುವ ನೀರು ಕಾಯಿಸಿದರು. ದಿನಾ ಅದೇ ಮುಖ ಶಾಲೆಯ ಬಾಗಿಲಲ್ಲಿ ಕಾಣುತ್ತಿದ್ದರೆ ಮಗುವಿಗೆ ಅದು ಬೇರೆಯೇ ಧೈರ್ಯ. ನಿನ್ನೆ ಬಾರದವನಿಗೆ "ಯಾಕೆ ಬರಲಿಲ್ಲ?" ಅಂತ ಕೇಳಲು ಒಬ್ಬರಿದ್ದಾರೆ ಎಂಬ ಧೈರ್ಯ.

ಅಂಥ ಒಬ್ಬರು ಬಹಳ ಮಕ್ಕಳ ಮನೆಯಲ್ಲಿಲ್ಲ. ಅಪ್ಪ ಗಾರೆ ಕೆಲಸದಿಂದ ಬರುವಾಗ ರಾತ್ರಿ. ಅಮ್ಮನ ಮಡಿಲಲ್ಲಿ ಬೀಡಿಯ ತಡ್ಪೆ. ಪುಸ್ತಕ ತೆರೆದು ನೋಡುವವರು ಯಾರು? ನೋಡಿದರೂ ತಿಳಿಯುವುದು ಎಷ್ಟು? ಸಂಜೆ ಐದರಿಂದ ಆರರವರೆಗೆ ಶಾಲೆಯ ಜಗಲಿಯಲ್ಲಿ ಕೂತು ಮಗ್ಗಿ ಕೇಳುವ, ತಪ್ಪು ತಿದ್ದುವ ಒಬ್ಬ ಡಿಗ್ರಿ ಹುಡುಗಿ ಇದ್ದರೆ ಅವಳು ನೂರು ಲಾಂಗ್‌ಬುಕ್ಕಿಗೆ ಸಮ. ಜಿಲ್ಲೆಯ ಕೆಲವು ಸರಕಾರಿ ಶಾಲೆಗಳಲ್ಲಿ ದಾನಿಗಳು, ಹಳೆ ವಿದ್ಯಾರ್ಥಿಗಳು ಸೇರಿ ಗೌರವ ಶಿಕ್ಷಕಿಯರ ಸಂಬಳ ಕೊಡುವುದುಂಟು, ದೂರದ ಮಕ್ಕಳಿಗೆ ವಾಹನ ಮಾಡಿಸುವುದೂ ಉಂಟು. ಇದಕ್ಕೆ ಫೋಟೊ ಸಿಗುವುದು ಕಷ್ಟ. ತಿಂಗಳು ತಿಂಗಳು ದುಡ್ಡು ಕೊಡುವುದನ್ನು ಯಾರು ಫೋಟೊ ಹಿಡೀತಾರೆ?

ಅಂಗಡಿಯವರಿಗೆ ಒಂದು ಸುಲಭ ದಾರಿ ಉಂಟು. ಮೇ ತಿಂಗಳಲ್ಲೇ ಹತ್ತಿರದ ಶಾಲೆಯ ಹೆಡ್ ಟೀಚರನ್ನು ಕಂಡು ಒಂದು ಮಾತು ಕೇಳುವುದು, "ಅಮ್ಮಾ, ಏನು ಬೇಕು?" ಒಂದನೇ ಕ್ಲಾಸಿಗೆ ಎರಡು ಗೆರೆಯದಾ, ನಾಲ್ಕು ಗೆರೆಯದಾ? ಯಾರಿಗೆ ಕೊಡೆ, ಯಾರಿಗೆ ಇನ್ನೊಂದು ಜೊತೆ ಅಂಗಿ? ಕೇಳದೆ ಕೊಟ್ಟರೆ ಒಂದೇ ಮಗುವಿಗೆ ಮೂರು ಬ್ಯಾಗು ಬಂದು ಕೊಡೆ ಬಾರದೆ ಉಳಿಯುತ್ತದೆ. ಆಮೇಲೆ ಟೀಚರಿಂದ ಒಂದು ಚೀಟಿ ಸಾಕು. ಮಗು ಚೀಟಿ ಹಿಡಿದು ಅಂಗಡಿಗೆ ಬರಲಿ, ಉಳಿದ ಗಿರಾಕಿಗಳ ಹಾಗೆ ನಿಂತು ಸಾಮಾನು ಕೊಂಡು ಹೋಗಲಿ. ಲೆಕ್ಕ ತಿಂಗಳ ಕೊನೆಗೆ ದೊಡ್ಡವರು ದೊಡ್ಡವರೇ ನೋಡಿಕೊಳ್ಳಬಹುದು. ಇಲ್ಲವೇ ಕ್ಲಾಸಿನ ಎಲ್ಲರಿಗೂ ಒಂದೇ ಸಮ ಕೊಟ್ಟುಬಿಡುವುದು. ಆಗ ಬಡವ ಯಾರು, ಅಲ್ಲದವ ಯಾರು ಅಂತ ಗುರುತಿಸುವ ಗೊಡವೆಯೇ ಇಲ್ಲ.

ವೇದಿಕೆ ಬೇಡವೇ ಬೇಡ ಅಂತಲ್ಲ. ದೊಡ್ಡವರು ಬಂದರೆ ಸೋರುವ ಮಾಡಾದರೂ ಕಣ್ಣಿಗೆ ಬೀಳ್ತದೆ. ಪುಸ್ತಕ ಮಾತ್ರ ಅವರಿಗಾಗಿ ಕಾಯಬಾರದು.

2020ರ ಜನವರಿಯಲ್ಲಿ ಪದ್ಮಶ್ರೀ ಸುದ್ದಿ ಬಂದಾಗ ಹಾಜಬ್ಬರು ರೇಷನ್ ಅಂಗಡಿಯ ಸಾಲಿನಲ್ಲಿದ್ದರು. 2021ರ ನವೆಂಬರಿನಲ್ಲಿ ರಾಷ್ಟ್ರಪತಿ ಭವನಕ್ಕೆ ಹೋದದ್ದು ಬರಿಗಾಲಿನಲ್ಲಿ. ಊರೆಲ್ಲ ಹಾರ ಹಾಕಿತು, ದೊಡ್ಡವರೆಲ್ಲ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡರು. ಹಾಜಬ್ಬರು ಮಾತ್ರ ಬಂದವರ ಹತ್ತಿರವೆಲ್ಲ ಒಂದೇ ಬೇಡಿಕೆ ಇಟ್ಟರು: ನ್ಯೂಪಡ್ಪುವಿಗೆ ಒಂದು ಪಿಯು ಕಾಲೇಜು.