ಸೌರಫಲಕಕ್ಕೆ ತಕ್ಕ ಚಾರ್ಜ್ ಕಂಟ್ರೋಲರು

ಶಿಡ್ಲಘಟ್ಟ ತಾಲ್ಲೂಕು ಜಂಗಮಕೋಟೆಯ ಸುತ್ತಮುತ್ತ ರೇಷ್ಮೆ ಬೆಳೆಯೇ ಅನೇಕ ಕುಟುಂಬಗಳಿಗೆ ಆಧಾರವಾಗಿದೆ. ನಾಲ್ಕನೆಯ ಜ್ವರದಿಂದೆದ್ದ ಹುಳುಗಳಿಗೆ ಸೊಪ್ಪಿನಷ್ಟೇ ಗಾಳಿಯೂ ಅವಶ್ಯಕ. ಸೆಕೆ ಕವಿದು ಗಾಳಿಯಾಡದಿದ್ದರೆ ರೋಗ ತಗಲಿ, ಗೂಡು ಕಟ್ಟುವ ಹೊತ್ತಿಗೆ ಬೆಳೆಯೇ ಕೈಬಿಡುವುದುಂಟು. ಆದಕಾರಣ ವಿದ್ಯುತ್ ತಂತಿ ತಲುಪದ ತೋಟದಲ್ಲಿ ಹುಳುಮನೆ ಕಟ್ಟಿದವರು ಫ್ಯಾನಿಗೂ ದೀಪಕ್ಕೂ ಸೌರಫಲಕಗಳನ್ನು ಏರ್ಪಡಿಸಿಕೊಳ್ಳುವುದು ಯುಕ್ತವೇ ಸರಿ. ಆದರೆ ಫಲಕಗಳನ್ನೂ ಕಂಟ್ರೋಲರನ್ನೂ ಬೆಲೆ ಮಾತ್ರ ನೋಡಿ ಕೊಂಡು ಜೋಡಿಸಿದರೆ ಹಣವೂ ಬೆಳೆಯೂ ಒಟ್ಟಿಗೆ ನಷ್ಟವಾಗಬಹುದು.

ಫಲಕವು ಬಿಸಿಲಿನಿಂದ ವಿದ್ಯುತ್ತನ್ನು ಉಂಟುಮಾಡುವುದು. ಬ್ಯಾಟರಿಯು ಅದನ್ನು ರಾತ್ರಿಗೆ ಕೂಡಿಡುವುದು. ಇವುಗಳ ನಡುವಣ ಕಂಟ್ರೋಲರು ತೂಬು ಕಾಯುವ ನೀರಗಂಟಿಯಂತೆ. ವೋಲ್ಟ್ ಎಂಬುದು ನೀರಿನ ಒತ್ತಡಕ್ಕೂ, ಆಂಪಿಯರ್ ಎಂಬುದು ಹರಿವಿಗೂ ಸಮಾನ. ಹರಿವು ಹೆಚ್ಚಾದರೆ ಒಳ್ಳೆಯ ಕಂಟ್ರೋಲರು ತೂಬನ್ನು ಕಿರಿದುಮಾಡಿ ತಾಳಿಕೊಳ್ಳುವುದು. ಒತ್ತಡ ಮಿತಿಮೀರಿದರೆ ಏರಿ ಒಡೆದಂತೆ ಕಂಟ್ರೋಲರು ಸುಟ್ಟುಹೋಗುವುದು.

ಮೊದಲು ವೋಲ್ಟನ್ನು ಲೆಕ್ಕಹಾಕತಕ್ಕದ್ದು. 330 ವ್ಯಾಟಿನ ಫಲಕವೊಂದರ ಹಿಂಬದಿಯ ಚೀಟಿಯಲ್ಲಿ ತೆರೆದ ವೋಲ್ಟ್ 46 ಎಂದೂ, ದುಡಿಯುವ ವೋಲ್ಟ್ 37.5 ಎಂದೂ, ಆಂಪಿಯರ್ 8.8 ಎಂದೂ ಇರುವುದೆಂದು ಭಾವಿಸೋಣ. ಇಂಥ ಎರಡನ್ನು ಸರಣಿಯಲ್ಲಿ ಜೋಡಿಸಿದರೆ ತೆರೆದ ವೋಲ್ಟ್ 92. ಇದು 25 ಡಿಗ್ರಿ ಉಷ್ಣದ ಲೆಕ್ಕ. ಫಲಕವು ತಣ್ಣಗಾದಷ್ಟೂ ವೋಲ್ಟ್ ಏರುವುದು. ಡಿಗ್ರಿಗೆ ಸುಮಾರು ನೂರಕ್ಕೆ 0.3ರಂತೆ, 10 ಡಿಗ್ರಿಗೆ ಇಳಿದಾಗ 96 ಆಗುವುದು. 100 ವೋಲ್ಟ್ ಮಿತಿಯ ಕಂಟ್ರೋಲರಿಗೆ ಇದು ತೀರ ಅಂಚು. ಮೂರನ್ನು ಸರಣಿಯಲ್ಲಿಟ್ಟರೆ 138, ಕಂಟ್ರೋಲರು ಉಳಿಯದು. ಆದ್ದರಿಂದ ಭಯಪಡಬೇಕಾದುದು ಬೇಸಗೆಯ ಮಧ್ಯಾಹ್ನಕ್ಕಲ್ಲ, ಮಾಗಿಯ ಮುಂಜಾನೆಯ ಎಳೆಬಿಸಿಲಿಗೆ. 100 ವೋಲ್ಟಿನ ಕಂಟ್ರೋಲರಿಗೆ ಈ ಎರಡು ಫಲಕಗಳನ್ನು ಸಮಾಂತರವಾಗಿ ಜೋಡಿಸುವುದು, ಸರಣಿಯೇ ಬೇಕೆಂದರೆ 150 ವೋಲ್ಟಿನದನ್ನು ಕೊಳ್ಳುವುದು ಕ್ಷೇಮ.

ಅನಂತರ ಆಂಪಿಯರ್. ಫಲಕಗಳ ಒಟ್ಟು ವ್ಯಾಟನ್ನು ಬ್ಯಾಟರಿಯ ವೋಲ್ಟಿನಿಂದ ಭಾಗಿಸಬೇಕು. 660 ವ್ಯಾಟಿಗೆ 24 ವೋಲ್ಟಿನ ಬ್ಯಾಟರಿಯಾದರೆ 27.5 ಆಂಪಿಯರ್, 30 ಆಂಪಿಯರ್ ಕಂಟ್ರೋಲರು ಸಾಕು. 12 ವೋಲ್ಟಿನದಾದರೆ 55 ಆಗುವುದರಿಂದ 60 ಆಂಪಿಯರ್‌ನದು ಬೇಕು.

ಕಂಟ್ರೋಲರುಗಳಲ್ಲಿ ಎರಡು ಜಾತಿಗಳಿವೆ. ಅಗ್ಗದ ಪಿ.ಡಬ್ಲ್ಯು.ಎಂ. ಕಂಟ್ರೋಲರು ಫಲಕವನ್ನು ಬ್ಯಾಟರಿಯ ವೋಲ್ಟಿಗೇ ಎಳೆದು ತರುವುದು. ಮೇಲಿನ ಫಲಕವನ್ನು ಅದರ ಮೂಲಕ 24 ವೋಲ್ಟಿನ ಬ್ಯಾಟರಿಗೆ ಜೋಡಿಸಿದರೆ, ಬ್ಯಾಟರಿ 26 ವೋಲ್ಟಿನಲ್ಲಿರುವಾಗ 8.8 ಆಂಪಿಯರ್ ಲೆಕ್ಕದಲ್ಲಿ ಸುಮಾರು 229 ವ್ಯಾಟ್ ಮಾತ್ರ ದೊರೆಯುವುದು, ಮಿಕ್ಕಿದ್ದು ವ್ಯರ್ಥ. ಎಂ.ಪಿ.ಪಿ.ಟಿ. ಕಂಟ್ರೋಲರು ಹೆಚ್ಚಿನ ವೋಲ್ಟನ್ನು ಆಂಪಿಯರ್ ಆಗಿ ಮಾರ್ಪಡಿಸಿ ಆ ನಷ್ಟವನ್ನು ಬಹುಮಟ್ಟಿಗೆ ತಪ್ಪಿಸುವುದು.

ಜೋಡಿಸುವಾಗ ಬ್ಯಾಟರಿಯನ್ನು ಮೊದಲು, ಫಲಕವನ್ನು ಆಮೇಲೆ ಕಂಟ್ರೋಲರಿಗೆ ಸೇರಿಸತಕ್ಕದ್ದು. ಬಿಚ್ಚುವಾಗ ಫಲಕವನ್ನೇ ಮೊದಲು ಬಿಡಿಸತಕ್ಕದ್ದು. ಗ್ರಾಮದ ಮುಖ್ಯಸ್ಥರು ಈ ಲೆಕ್ಕವನ್ನು ತಾವು ತಿಳಿದು, ನೆರೆಹೊರೆಯ ಸಾಕಣೆಗಾರರು ಹಣ ಕೊಡುವ ಮುನ್ನ ಫಲಕದ ಚೀಟಿಯನ್ನೂ ಕಂಟ್ರೋಲರಿನ ಮಿತಿಯನ್ನೂ ಎದುರುಬದುರಿಟ್ಟು ನೋಡುವಂತೆ ಮಾಡಿದರೆ ಬಹಳ ಉಪಕಾರವಾಗುವುದು.