ಬೆಲೆ ಒಂದು ರಾತ್ರಿಯದು, ಗಾಡಿ ಹದಿನೈದು ವರ್ಷದ್ದು

2012ರ ಮೇ 23ರ ಸಂಜೆ. ಮಧ್ಯರಾತ್ರಿಯಿಂದ ಪೆಟ್ರೋಲ್ ದರ ಏರಲಿದೆ ಎಂಬ ಸುದ್ದಿ ಟಿವಿಯಲ್ಲಿ ಬಂದದ್ದೇ ತಡ, ಬಂಕುಗಳ ಮುಂದೆ ಸ್ಕೂಟರು, ಬೈಕು, ಕಾರುಗಳ ಸಾಲು ರಸ್ತೆಗೂ ಹಬ್ಬಿತು. ಏರಿಕೆಯೇನೂ ಸಣ್ಣದಲ್ಲ, ದೆಹಲಿಯ ಲೆಕ್ಕದಲ್ಲಿ ಲೀಟರಿಗೆ 7 ರೂಪಾಯಿ 54 ಪೈಸೆ. ಆದರೆ ಸ್ಕೂಟರಿನ ಟ್ಯಾಂಕು ಹಿಡಿಯುವುದು ಐದಾರು ಲೀಟರು. ಅದು ಪೂರ್ತಿ ಖಾಲಿಯಿದ್ದರೂ ಆ ರಾತ್ರಿ ಉಳಿಯುತ್ತಿದ್ದದ್ದು ಸುಮಾರು 40 ರೂಪಾಯಿ. ಅದಕ್ಕಾಗಿ ಗಂಟೆಗಟ್ಟಲೆ ಸಾಲಿನಲ್ಲಿ, ಎಂಜಿನ್ ಗುರುಗುಟ್ಟಿಸುತ್ತ ನಿಂತವರೂ ಇದ್ದರು!

ಅದೇ ಜನ ಗಾಡಿ ಕೊಳ್ಳುವಾಗ ಎಷ್ಟು ಲೆಕ್ಕ ಹಾಕಿದ್ದರು? ಬಣ್ಣ, ನೆರೆಮನೆಯವರ ಮಾತು, ಜಾಹೀರಾತಿನ ಮೈಲೇಜು - ಬಹುಪಾಲು ಮನೆಗಳಲ್ಲಿ ತೀರ್ಮಾನ ಇಷ್ಟರಲ್ಲೇ ಆಗಿಬಿಡುತ್ತದೆ. ಇಂಧನದ ಬೆಲೆ ರಾತ್ರೋರಾತ್ರಿ ಬದಲಾಗಬಹುದು. 2017ರ ಜೂನ್ 16ರಿಂದಂತೂ ದೇಶದಾದ್ಯಂತ ದಿನವೂ ದರ ಪರಿಷ್ಕರಿಸುವ ಪದ್ಧತಿಯೇ ಬಂದಿತು. ಮನೆಗೆ ತಂದ ಗಾಡಿ ಮಾತ್ರ ಹತ್ತು ಹದಿನೈದು ವರ್ಷ ಅಂಗಳದಲ್ಲೇ ಇರುತ್ತದೆ. ಬೆಲೆ ಏರಿದಾಗ ಜನರ ಓಡಾಟ ಹೇಗೆ ಬದಲಾಗುತ್ತದೆ, ಗಾಡಿಗಳ ಜಾತಿಯೇ ಹೇಗೆ ಬದಲಾಗುತ್ತದೆ ಎಂಬುದರ ಗುಟ್ಟು ಈ ವ್ಯತ್ಯಾಸದಲ್ಲಿದೆ.

ಮೊದಲು ಬದಲಾಗುವುದು ಕಾಲು

1973ರ ಅಕ್ಟೋಬರಿನಲ್ಲಿ ಅರಬ್ ರಾಷ್ಟ್ರಗಳು ತೈಲ ರಫ್ತಿಗೆ ನಿರ್ಬಂಧ ಹಾಕಿದವು. ಬ್ಯಾರಲ್ಲಿಗೆ ಸುಮಾರು 3 ಡಾಲರ್ ಇದ್ದ ಕಚ್ಚಾತೈಲ 1974ರ ಆರಂಭದ ಹೊತ್ತಿಗೆ 12 ಡಾಲರಿನ ಆಸುಪಾಸಿಗೆ ಏರಿತು. ಪಶ್ಚಿಮ ಜರ್ಮನಿಯಲ್ಲಿ ನಾಲ್ಕು ಭಾನುವಾರ ಕಾರುಗಳನ್ನೇ ಬಂದ್ ಮಾಡಲಾಯಿತು. ಹೆದ್ದಾರಿಗಳ ಮೇಲೆ ಜನ ಮಕ್ಕಳೊಂದಿಗೆ ನಡೆದು, ಸೈಕಲ್ ತುಳಿದು ಸಂಭ್ರಮಪಟ್ಟರು. ನಮ್ಮಲ್ಲಿ ಆ ನವೆಂಬರಿನಲ್ಲಿ ಅಟಲ್ ಬಿಹಾರಿ ವಾಜಪೇಯಿ ಅವರು ಬೆಲೆ ಏರಿಕೆ ಪ್ರತಿಭಟಿಸಿ ಎತ್ತಿನ ಗಾಡಿಯಲ್ಲಿ ಸಂಸತ್ತಿಗೆ ಬಂದರು. ಅಮೆರಿಕ 1974ರ ಜನವರಿಯಲ್ಲಿ ದೇಶಕ್ಕೆಲ್ಲ ಗಂಟೆಗೆ 55 ಮೈಲಿ, ಅಂದರೆ ಸುಮಾರು 88 ಕಿ.ಮೀ. ವೇಗಮಿತಿ ವಿಧಿಸಿತು.

ವೇಗಕ್ಕೂ ಪೆಟ್ರೋಲಿಗೂ ಏನು ಸಂಬಂಧ? ಗಾಡಿ ಓಡುವಾಗ ಎದುರಿನ ಗಾಳಿಯನ್ನು ಸೀಳಿಕೊಂಡು ಹೋಗಬೇಕು. ಆ ಗಾಳಿಯ ತಡೆ ವೇಗದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. 60 ಕಿ.ಮೀ. ವೇಗದಲ್ಲಿ ತಡೆ 9 ಪಾಲು ಎಂದುಕೊಂಡರೆ 80ರಲ್ಲಿ ಅದು 16 ಪಾಲು. ವೇಗ ಹೆಚ್ಚಿದ್ದು ಮೂರನೆಯ ಒಂದು ಭಾಗ. ಗಾಳಿಯ ತಡೆ ಹೆಚ್ಚಿದ್ದು ಮುಕ್ಕಾಲಿಗಿಂತ ಜಾಸ್ತಿ. ಚಕ್ರದ ಘರ್ಷಣೆ ಇಷ್ಟು ಏರುವುದಿಲ್ಲವಾದ್ದರಿಂದ ಪೆಟ್ರೋಲ್ ಖರ್ಚು ಪೂರ್ತಿ ಈ ಪ್ರಮಾಣದಲ್ಲಿ ಹೆಚ್ಚದು. ಆದರೂ ಹೆದ್ದಾರಿಯಲ್ಲಿ ಹತ್ತು ನಿಮಿಷ ಬೇಗ ತಲುಪುವ ಆಸೆಗೆ ತೆರುವ ಬೆಲೆ ಕಡಿಮೆಯೇನಲ್ಲ.

ಅಮೆರಿಕದ ಆ ವೇಗಮಿತಿಯಿಂದ ಬಂದ ಇನ್ನೊಂದು ಫಲವನ್ನು ಯಾರೂ ಅಷ್ಟಾಗಿ ನಿರೀಕ್ಷಿಸಿರಲಿಲ್ಲ. ಅಲ್ಲಿ ರಸ್ತೆ ಅಪಘಾತದಲ್ಲಿ ಸತ್ತವರ ಸಂಖ್ಯೆ 1973ರಲ್ಲಿ ಸುಮಾರು 54 ಸಾವಿರ ಇದ್ದದ್ದು 1974ರಲ್ಲಿ 45 ಸಾವಿರಕ್ಕೆ ಇಳಿಯಿತು. ಜನರ ಓಡಾಟವೇ ಕಡಿಮೆಯಾದದ್ದೂ ಇದಕ್ಕೆ ಕಾರಣವೆನ್ನಿ.

ಉಳಿತಾಯದ ಹೆಸರಿನ ಅಪಾಯ

ಎಲ್ಲ ಅಭ್ಯಾಸವೂ ಹೀಗೆ ಒಳ್ಳೆಯದೇ ಆಗಿರುವುದಿಲ್ಲ. ಪೆಟ್ರೋಲ್ ದುಬಾರಿಯಾದಾಗ ಆಟೋಗಳಿಗೆ ಸೀಮೆಎಣ್ಣೆ ಬೆರೆಸುವುದು, ಅಡುಗೆ ಅನಿಲದ ಸಿಲಿಂಡರನ್ನೇ ವ್ಯಾನಿನಲ್ಲಿ ಇಟ್ಟು ಓಡಿಸುವುದು ನಮ್ಮ ದೇಶ ಕಂಡ ಸಂಗತಿಗಳು. ಎರಡನೆಯದು ಎಷ್ಟೋ ಬೆಂಕಿ ಅನಾಹುತಗಳಿಗೆ ಕಾರಣವಾಗಿದೆ.

ಇವುಗಳಿಗಿಂತ ಸದ್ದಿಲ್ಲದ ಅಪಾಯ ಇನ್ನೊಂದಿದೆ. ಆಗುಂಬೆಯಂಥ ಘಾಟಿ ಇಳಿಯುವಾಗ ಎಂಜಿನ್ ಆರಿಸಿ ಗಾಡಿಯನ್ನು ತಾನಾಗಿ ಉರುಳಲು ಬಿಡುವುದು. ಕಾರಿನ ಬ್ರೇಕಿಗೆ ನಮ್ಮ ಕಾಲಿನ ಬಲ ಒಂದೇ ಸಾಲದು. ಎಂಜಿನ್ ಗಾಳಿಯನ್ನು ಒಳಗೆಳೆದುಕೊಳ್ಳುವಾಗ ಉಂಟಾಗುವ ನಿರ್ವಾತವನ್ನು ಬಳಸಿಕೊಂಡು ಆ ಬಲವನ್ನು ಹೆಚ್ಚಿಸುವ ವ್ಯವಸ್ಥೆ ಹೆಚ್ಚಿನ ಪೆಟ್ರೋಲ್ ಕಾರುಗಳಲ್ಲಿರುತ್ತದೆ. ಎಂಜಿನ್ ನಿಂತರೆ ಎರಡು ಮೂರು ಸಲ ಬ್ರೇಕ್ ಒತ್ತುವಷ್ಟರಲ್ಲಿ ಅದು ಮುಗಿದುಹೋಗಿ ಪೆಡಲು ಕಲ್ಲಿನಂತಾಗುತ್ತದೆ. ಪವರ್ ಸ್ಟಿಯರಿಂಗ್ ಕೂಡ ಬಿಗಿಯಾಗುತ್ತದೆ. ಲಾರಿ, ಬಸ್ಸುಗಳ ಬ್ರೇಕಿಗೆ ಬೇಕಾದ ಗಾಳಿಯನ್ನು ತುಂಬುವುದೂ ಎಂಜಿನ್ನೇ. ಹದಿನಾಲ್ಕು ಹೇರ್‌ಪಿನ್ ತಿರುವುಗಳ ಘಾಟಿಯಲ್ಲಿ ಈ ಉಳಿತಾಯ ಬೇಕೆ?

ಆಶ್ಚರ್ಯವೆಂದರೆ, ಇಂದಿನ ಕಾರುಗಳಲ್ಲಿ ಇದು ಉಳಿತಾಯವೂ ಅಲ್ಲ. ಇಂಧನವನ್ನು ಚಿಮ್ಮಿಸುವ ಇಂಜೆಕ್ಷನ್ ವ್ಯವಸ್ಥೆಯಿರುವ ಕಾರನ್ನು ಗೇರಿನಲ್ಲೇ ಇಟ್ಟು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಜಾರಿನಲ್ಲಿ ಇಳಿಸಿದರೆ ಇಂಧನದ ಹರಿವು ತಾನಾಗಿಯೇ ನಿಲ್ಲುತ್ತದೆ. ಎಂಜಿನ್ನನ್ನು ಚಕ್ರಗಳೇ ತಿರುಗಿಸುತ್ತವೆ. ನ್ಯೂಟ್ರಲ್‌ನಲ್ಲಿ ಬಿಟ್ಟರೆ ಮಾತ್ರ ಎಂಜಿನ್ ಆರದಂತೆ ಒಂದಿಷ್ಟು ಇಂಧನ ಸುಡುತ್ತಲೇ ಇರಬೇಕು. ಹಳೆಯ ಕಾರ್ಬ್ಯುರೇಟರ್ ಗಾಡಿಗಳ ಕಾಲದ ಪಾಠವನ್ನು ಅಪ್ಪಂದಿರು ಇಂದಿನ ಗಾಡಿ ಕಲಿಯುವ ಮಗ, ಮಗಳಿಗೆ ಒಪ್ಪಿಸುವ ಮುನ್ನ ಇದನ್ನು ತಿಳಿದಿರುವುದು ಒಳ್ಳೆಯದು.

ಮೈಸೂರಿನ ಗಾಡಿ ಸೋತ ಕಥೆ

ಓಡಿಸುವ ರೀತಿ ತಿದ್ದಿಕೊಂಡರೆ ಉಳಿಯುವುದು ನೂರಕ್ಕೆ ಹತ್ತೋ ಹದಿನೈದೋ ರೂಪಾಯಿ. ದರ ಕೊಂಚ ಇಳಿದರೆ, ಅಥವಾ ಹೊಸ ದರ ರೂಢಿಯಾದರೆ, ಕಾಲು ಮತ್ತೆ ಹಳೆಯ ಚಾಳಿಗೆ ಮರಳುತ್ತದೆ. ಅಮೆರಿಕದ ಆ ವೇಗಮಿತಿಯೂ 1995ರಲ್ಲಿ ರದ್ದಾಯಿತು. ದೊಡ್ಡ ಬದಲಾವಣೆ ಬರುವುದು ಹೊಸ ಗಾಡಿ ಕೊಳ್ಳುವಾಗ. ಅದು ನಿಧಾನ, ಆದರೆ ಒಮ್ಮೆ ಬಂದರೆ ಕಾರ್ಖಾನೆಗಳನ್ನೇ ಮುಚ್ಚಿಸಬಲ್ಲದು.

ಇದಕ್ಕೆ ಉದಾಹರಣೆ ಮೈಸೂರಿನಲ್ಲೇ ಇದೆ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಜಾವಾ, ಆಮೇಲೆ ಯೆಜ್ಡಿ ಬೈಕುಗಳನ್ನು ತಯಾರಿಸಿತು. 250 ಸಿಸಿಯ ಗಟ್ಟಿಮುಟ್ಟಾದ ಗಾಡಿ. ಅದರ ಸದ್ದಿಗೆ ಮನಸೋತವರು ಈಗಲೂ ಅದನ್ನು ಒರೆಸಿ ಇಟ್ಟುಕೊಂಡಿದ್ದಾರೆ. ಆದರೆ ಅದು ಟೂ-ಸ್ಟ್ರೋಕ್ ಎಂಜಿನ್. ಅಂಥ ಎಂಜಿನ್ನಿನಲ್ಲಿ ಸುಟ್ಟ ಅನಿಲವನ್ನು ಹೊರಗೆ ತಳ್ಳುವ ಕೆಲಸ ಒಳಗೆ ಬರುವ ಹೊಸ ಪೆಟ್ರೋಲ್-ಗಾಳಿ ಮಿಶ್ರಣದ್ದೇ. ಹೊರದಾರಿ ತೆರೆದೇ ಇರುವುದರಿಂದ ಹೊಸ ಮಿಶ್ರಣದ ಒಂದು ಪಾಲೂ ಸುಡದೆಯೇ ಸೈಲೆನ್ಸರಿನತ್ತ ಓಡಿಹೋಗುತ್ತದೆ. ಹಿಟ್ಟು ಜರಡಿ ಹಿಡಿಯುವಾಗ ತೌಡಿನ ಜೊತೆ ಒಂದಷ್ಟು ಹಿಟ್ಟನ್ನೂ ತಿಪ್ಪೆಗೆ ಸುರಿದಂತೆ. ಪೆಟ್ರೋಲ್ ಅಗ್ಗವಿದ್ದಾಗ ಇದನ್ನು ಯಾರೂ ಲೆಕ್ಕಿಸುವುದಿಲ್ಲ.

1985ರಲ್ಲಿ ಹೀರೋ ಹೋಂಡಾ ಸಿಡಿ 100 ಬಂತು. 100 ಸಿಸಿಯ ಪುಟ್ಟ ಫೋರ್-ಸ್ಟ್ರೋಕ್ ಎಂಜಿನ್. ಇದರಲ್ಲಿ ಒಳದಾರಿಗೆ ಒಂದು ಕವಾಟ, ಹೊರದಾರಿಗೆ ಇನ್ನೊಂದು. ಹೊಗೆ ಹೊರಗೆ ಹೋಗಲು ಪಿಸ್ಟನ್ನಿನ ಒಂದು ಪೂರ್ತಿ ಚಲನೆಯೇ ಮೀಸಲು. ಹಾಗಾಗಿ ಸುಡದೆ ಸೋರುವುದು ತೀರಾ ಕಡಿಮೆ. ತುಂಬಿಸಿ, ಮುಚ್ಚಿ, ಮರೆತುಬಿಡಿ ಎಂಬ ಅರ್ಥದ ಅದರ ಜಾಹೀರಾತು ದೇಶದಲ್ಲೆಲ್ಲ ಬಾಯಿಪಾಠವಾಯಿತು. 1990ರ ಕೊಲ್ಲಿ ಬಿಕ್ಕಟ್ಟಿನಲ್ಲಿ ಪೆಟ್ರೋಲ್ ಮತ್ತೆ ಏರಿದಾಗ ತಿಂಗಳ ಸಂಬಳದ ಮನೆಗಳಿಗೆ ಆ ಮಾತು ಇನ್ನಷ್ಟು ಹಿಡಿಸಿತು. 1996ರಲ್ಲಿ ಮೈಸೂರಿನ ಕಾರ್ಖಾನೆ ಬಾಗಿಲು ಹಾಕಿತು. ಕಾರ್ಮಿಕರ ಸಮಸ್ಯೆ, ಬಿಗಿಯಾದ ಹೊಗೆ ನಿಯಮಗಳೂ ಅದಕ್ಕೆ ಕಾರಣ. ಮೈಲೇಜು ಒಂದೇ ಅಲ್ಲ. ಆದರೆ ಕೊಳ್ಳುವವರ ಮನಸ್ಸು ಅಷ್ಟರಲ್ಲಿ ಬೇರೆ ಕಡೆ ಹೊರಟುಹೋಗಿತ್ತು.

ಡೀಸೆಲ್‌ನ ಆಸೆ

ಕಾರಿನ ವಿಷಯಕ್ಕೆ ಬಂದರೆ, ಜನರನ್ನು ಆಡಿಸಿದ್ದು ಪೆಟ್ರೋಲಿನ ಬೆಲೆಗಿಂತ ಪೆಟ್ರೋಲ್-ಡೀಸೆಲ್ ನಡುವಿನ ಅಂತರ. 2010ರ ಜೂನ್‌ನಲ್ಲಿ ಪೆಟ್ರೋಲ್ ದರದ ಮೇಲಿನ ಸರ್ಕಾರಿ ನಿಯಂತ್ರಣ ಹೋಯಿತು, ಡೀಸೆಲ್‌ನದು ಉಳಿಯಿತು. ರೈತರ ಪಂಪು, ಲಾರಿ, ಬಸ್ಸುಗಳಿಗೆಂದು ಡೀಸೆಲ್ ಅಗ್ಗವಾಗಿಟ್ಟದ್ದು. 2012ರ ಆ ಮೇ ಏರಿಕೆಯ ನಂತರ ದೆಹಲಿಯಲ್ಲಿ ಪೆಟ್ರೋಲ್ 73 ರೂಪಾಯಿ, ಡೀಸೆಲ್ 41. ಮೂವತ್ತೆರಡು ರೂಪಾಯಿ ವ್ಯತ್ಯಾಸ! ಮುಂದೆ ಮಾರಾಟವಾದ ಕಾರುಗಳಲ್ಲಿ ಸುಮಾರು ಅರ್ಧದಷ್ಟು ಡೀಸೆಲ್ ಕಾರುಗಳೇ ಆಗಿದ್ದುದರಲ್ಲಿ ಏನಾಶ್ಚರ್ಯ?

ಈಗ ಏಳನೇ ತರಗತಿಯ ಗಣಿತ. ಪೆಟ್ರೋಲ್ ಕಾರು ಲೀಟರಿಗೆ 15 ಕಿ.ಮೀ., ಡೀಸೆಲ್ ಕಾರು 20 ಕಿ.ಮೀ. ಓಡುತ್ತದೆ, ಡೀಸೆಲ್ ಕಾರಿನ ಬೆಲೆ ಒಂದು ಲಕ್ಷ ರೂಪಾಯಿ ಜಾಸ್ತಿ ಎಂದಿಟ್ಟುಕೊಳ್ಳಿ. 2012ರ ದರದಲ್ಲಿ ಕಿಲೋಮೀಟರಿಗೆ ಪೆಟ್ರೋಲಿನ ಖರ್ಚು 4 ರೂಪಾಯಿ 87 ಪೈಸೆ, ಡೀಸೆಲಿನದು 2 ರೂಪಾಯಿ 5 ಪೈಸೆ. ಉಳಿತಾಯ 2 ರೂಪಾಯಿ 82 ಪೈಸೆ. ಹೆಚ್ಚುವರಿ ಲಕ್ಷ ವಾಪಸು ಬರಲು ಓಡಬೇಕಾದ್ದು ಸುಮಾರು 35,500 ಕಿ.ಮೀ. ವರ್ಷಕ್ಕೆ 12 ಸಾವಿರ ಕಿ.ಮೀ. ಓಡಾಡುವವರಿಗೆ ಮೂರು ವರ್ಷ. ಆದರೆ ಭಾನುವಾರ ದೇವಸ್ಥಾನಕ್ಕೆ, ವರ್ಷಕ್ಕೆರಡು ಸಲ ಊರಿಗೆ ಹೋಗಿ 3 ಸಾವಿರ ಕಿ.ಮೀ. ಮುಗಿಸುವವರಿಗೆ ಹನ್ನೆರಡು ವರ್ಷ. ಈ ಎರಡನೆಯ ಗುಂಪಿನವರೂ ಡೀಸೆಲ್ ಷೋರೂಮಿನಲ್ಲಿ ಕ್ಯೂ ನಿಂತದ್ದು ವಿಪರ್ಯಾಸ.

ಮುಂದೇನಾಯಿತು? 2013ರ ಜನವರಿಯಿಂದ ಡೀಸೆಲ್ ದರ ತಿಂಗಳಿಗೆ ಐವತ್ತು ಪೈಸೆಯಂತೆ ಏರತೊಡಗಿತು. 2014ರ ಅಕ್ಟೋಬರಿನಲ್ಲಿ ಅದರ ನಿಯಂತ್ರಣವೂ ಹೋಯಿತು. 2020ರ ಜೂನ್‌ನಲ್ಲಿ ದೆಹಲಿಯಲ್ಲಿ ಮೊದಲ ಬಾರಿಗೆ ಡೀಸೆಲ್ಲೇ ಪೆಟ್ರೋಲಿಗಿಂತ ದುಬಾರಿಯಾಯಿತು. ಎರಡೂ 80 ರೂಪಾಯಿಯ ಆಸುಪಾಸು. ಮೇಲಿನ ಲೆಕ್ಕವನ್ನೇ ಈ ದರದಲ್ಲಿ ಮಾಡಿ ನೋಡಿ. ಉಳಿತಾಯ ಕಿಲೋಮೀಟರಿಗೆ 1 ರೂಪಾಯಿ 33 ಪೈಸೆ. ಲಕ್ಷ ವಾಪಸಾಗಲು 75 ಸಾವಿರ ಕಿ.ಮೀ. ಭಾನುವಾರದ ಸವಾರರಿಗೆ ಇಪ್ಪತ್ತೈದು ವರ್ಷ! ಸಾಲದ್ದಕ್ಕೆ 2015ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಹತ್ತು ವರ್ಷ ದಾಟಿದ ಡೀಸೆಲ್ ಗಾಡಿಗಳು ದೆಹಲಿ ವಲಯದಲ್ಲಿ ಓಡಬಾರದೆಂದಿತು. ಆ ನಿಯಮ ಆಮೇಲೆ ಹಲವು ತಿರುವು ಕಂಡಿತು. ಕಾರಿನ ಮರುಮಾರಾಟದ ಬೆಲೆ ಮಾತ್ರ ಪೆಟ್ಟು ತಿಂದಿತು. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದಾಗ ಮಾರುತಿ ಸುಜುಕಿ ಡೀಸೆಲ್ ಕಾರುಗಳ ತಯಾರಿಕೆಯನ್ನೇ ಕೈಬಿಟ್ಟಿತು.

ಇಂಥ ಪೇಚು ನಮ್ಮದೊಂದೇ ಅಲ್ಲ. ಬ್ರೆಜಿಲ್ 1975ರಲ್ಲಿ ಕಬ್ಬಿನ ಎಥೆನಾಲ್ ಯೋಜನೆ ಆರಂಭಿಸಿತು. 1980ರ ದಶಕದ ಮಧ್ಯಭಾಗದಲ್ಲಿ ಅಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಬಹುಪಾಲು ಬರೀ ಎಥೆನಾಲಿನಲ್ಲೇ ಓಡುವಂಥವು. ಅಷ್ಟರಲ್ಲಿ ತೈಲ ಅಗ್ಗವಾಯಿತು, 1989ರ ಹೊತ್ತಿಗೆ ಬಂಕುಗಳಲ್ಲಿ ಎಥೆನಾಲ್ ಸಿಗದಾಯಿತು. ಕಾರು ಕೊಂಡವರು ಕೈ ಕೈ ಹಿಸುಕಿಕೊಂಡರು. ಜನರ ನಂಬಿಕೆ ಮರಳಿದ್ದು 2003ರಲ್ಲಿ, ಪೆಟ್ರೋಲ್ ಎಥೆನಾಲ್ ಎರಡನ್ನೂ ಯಾವ ಪ್ರಮಾಣದಲ್ಲಿ ಬೇಕಾದರೂ ಕುಡಿಯುವ ಕಾರು ಬಂದಾಗ. ನಮ್ಮಲ್ಲೂ 2025ರ ಹೊತ್ತಿಗೆ ಪೆಟ್ರೋಲಿನಲ್ಲಿ ಶೇಕಡ 20ರಷ್ಟು ಎಥೆನಾಲ್ ಬೆರೆಯಿತು. ಒಂದು ಲೀಟರ್ ಎಥೆನಾಲ್ ಕೊಡುವ ಶಾಖ ಪೆಟ್ರೋಲಿನ ಸುಮಾರು ಮೂರನೇ ಎರಡು ಭಾಗ. ಹಾಗಾದರೆ ಈ ಮಿಶ್ರಣದ ಒಂದು ಲೀಟರಿನಲ್ಲಿ ಶುದ್ಧ ಪೆಟ್ರೋಲಿಗಿಂತ ಶೇಕಡ ಆರೇಳರಷ್ಟು ಶಾಖ ಕಡಿಮೆ. ಲೀಟರಿನ ದರ ಹಾಗೇ ಇದ್ದರೂ ಕಿಲೋಮೀಟರಿನ ದರ ಏರಬಹುದೆಂಬುದನ್ನು ವಿದ್ಯಾರ್ಥಿಗಳು ಇಲ್ಲಿ ಗಮನಿಸಬೇಕು.

ರೇವಾದಿಂದ ಇಲ್ಲಿಯವರೆಗೆ

2001ರಲ್ಲೇ ಬೆಂಗಳೂರಿನಲ್ಲಿ ರೇವಾ ಎಂಬ ಪುಟಾಣಿ ವಿದ್ಯುತ್ ಕಾರು ತಯಾರಾಯಿತು. ಲಂಡನ್ನಿನ ಬೀದಿಗಳಲ್ಲೂ ಓಡಿತು. ನಮ್ಮವರು ಮಾತ್ರ ಅದನ್ನು ಆಟಿಕೆಯಂತೆ ನೋಡಿ ನಕ್ಕರು. ಬ್ಯಾಟರಿ ಭಾರ, ಓಟ ಕಡಿಮೆ, ಪೆಟ್ರೋಲ್ ಇನ್ನೂ ಅಗ್ಗ. ಅದೇ ಬೆಂಗಳೂರಿನಲ್ಲಿ 2021ರ ಜೂನ್‌ನಲ್ಲಿ ಪೆಟ್ರೋಲ್ ನೂರು ರೂಪಾಯಿ ದಾಟಿತು. ಅಷ್ಟರಲ್ಲಿ ಹಗುರವಾದ ಲಿಥಿಯಂ ಬ್ಯಾಟರಿಯೂ ಬಂದಿತ್ತು. ವಿದ್ಯುತ್ ಸ್ಕೂಟರುಗಳು ಮನೆಮನೆಯ ಮಾತಾದದ್ದು ಆಮೇಲೆ.

ಇಲ್ಲಿಯೂ ಅದೇ ಗಣಿತ. ಪೆಟ್ರೋಲ್ ಸ್ಕೂಟರ್ ಲೀಟರಿಗೆ 45 ಕಿ.ಮೀ., ಲೀಟರಿಗೆ ನೂರು ರೂಪಾಯಿ ಎಂದರೆ ಕಿಲೋಮೀಟರಿಗೆ 2 ರೂಪಾಯಿ 22 ಪೈಸೆ. ವಿದ್ಯುತ್ ಸ್ಕೂಟರಿಗೆ ಚಾರ್ಜಿಂಗ್ ನಷ್ಟವೂ ಸೇರಿ 30 ಪೈಸೆ ಎಂದುಕೊಳ್ಳೋಣ. ಗಾಡಿಯ ಬೆಲೆ 30 ಸಾವಿರ ರೂಪಾಯಿ ಹೆಚ್ಚಿದ್ದರೆ ಅದು ತೀರಲು 15,600 ಕಿ.ಮೀ. ಬೇಕು. ದಿನಕ್ಕೆ 30 ಕಿ.ಮೀ. ಓಡಾಡುವ ಉದ್ಯೋಗಿಗೆ ಒಂದೂವರೆ ವರ್ಷ ಸಾಕು. ಮನೆಯಿಂದ ಎರಡೂವರೆ ಕಿಲೋಮೀಟರ್ ದೂರದ ಕಾಲೇಜಿಗೆ ಹೋಗಿಬರುವ ಹುಡುಗನಿಗೆ ಎಂಟೂವರೆ ವರ್ಷ. ಅಷ್ಟರಲ್ಲಿ ಪಿಯುಸಿ, ಡಿಗ್ರಿ ಎರಡೂ ಮುಗಿದು ಬ್ಯಾಟರಿಯ ವಾರಂಟಿಯೂ ಮುಗಿದಿರುತ್ತದೆ. ಅಷ್ಟು ದೂರವನ್ನು ಸೈಕಲ್ ಹತ್ತು ನಿಮಿಷದಲ್ಲಿ ಮುಟ್ಟಿಸುತ್ತದೆ.