ನೂರು ವರ್ಷ ಬಾಳಿದ ಅಜ್ಜ, ತೊಟ್ಟಿಲಲ್ಲೇ ಹೋದ ಅವನ ತಮ್ಮಂದಿರು

"ಹಿಂದಿನವರು ರಾಗಿಮುದ್ದೆ ತಿಂದು ನೂರು ವರ್ಷ ಗಟ್ಟಿಮುಟ್ಟಾಗಿದ್ದರು, ಈಗಿನವರು ನಲವತ್ತಕ್ಕೇ ಮಾತ್ರೆ ನುಂಗುತ್ತಾರೆ." ಮದುವೆ ಊಟದ ಪಂಕ್ತಿಯಿಂದ ಟಿವಿಯ ಆರೋಗ್ಯ ಕಾರ್ಯಕ್ರಮದವರೆಗೆ ಈ ಮಾತು ಕೇಳದ ಜಾಗವಿಲ್ಲ. ಹೇಳುವವರಿಗೆ ಅನುಮಾನವಿಲ್ಲ, ಕೇಳುವವರು ತಲೆದೂಗುತ್ತಾರೆ. ಲೆಕ್ಕ ಕೇಳುವವರೇ ಇಲ್ಲ.

ಸ್ವಾತಂತ್ರ್ಯ ಬಂದ ಹೊತ್ತಿಗೆ ಭಾರತೀಯರ ಸರಾಸರಿ ಆಯುಷ್ಯ ಸುಮಾರು 32 ವರ್ಷ. ಇವತ್ತು 70ರ ಆಸುಪಾಸು. 1951ರ ಸುಮಾರಿಗೆ ಹುಟ್ಟಿದ ಪ್ರತಿ 1000 ಕೂಸುಗಳಲ್ಲಿ ಸುಮಾರು 146 ಕೂಸುಗಳು ಒಂದು ವರ್ಷ ತುಂಬುವ ಮೊದಲೇ ತೀರಿಕೊಳ್ಳುತ್ತಿದ್ದವು. 2020ರಲ್ಲಿ ಆ ಸಂಖ್ಯೆ 28.

ಹಾಗೆಂದು ಎಲ್ಲರೂ ಮೂವತ್ತೆರಡಕ್ಕೆ ಸಾಯುತ್ತಿರಲಿಲ್ಲ. ಅಣ್ಣ 64 ವರ್ಷ ಬಾಳಿ, ತಮ್ಮ ಹುಟ್ಟಿದ ವಾರದಲ್ಲೇ ಹೋದರೆ ಇಬ್ಬರ ಸರಾಸರಿ 32. ಬಾಲ್ಯ ದಾಟಿದವರಲ್ಲಿ ಹಲವರು ಅರವತ್ತು, ಎಪ್ಪತ್ತು ಕಂಡರು. ಮೊಮ್ಮಕ್ಕಳ ಕಣ್ಣಿಗೆ ಬಿದ್ದದ್ದು ಉಳಿದ ಆ ಅಣ್ಣ ಮಾತ್ರ, ಎಡವಟ್ಟಾಗಿರುವುದು ಅಲ್ಲೇ. ಎಂಬತ್ತೈದರಲ್ಲೂ ಹೊಲಕ್ಕೆ ನಡೆದು ಹೋಗುವ ಅಜ್ಜಿಯನ್ನು ಮೆಚ್ಚುವವರು, ಆಕೆ ಎಷ್ಟು ಹೆತ್ತಳು, ಎಷ್ಟು ಉಳಿದವು ಎಂದೂ ಕೇಳಬೇಕು. ಮಕ್ಕಳು ನಿಲ್ಲದ ಮನೆಗಳಲ್ಲಿ ಹುಟ್ಟಿದ ಕೂಸನ್ನು ತಿಪ್ಪೆಯ ಮೇಲೆ ಉರುಳಿಸಿ, ತಿಪ್ಪಯ್ಯ, ತಿಪ್ಪಮ್ಮ ಎಂದು ಕರೆಯುವ ಪದ್ಧತಿಯಿತ್ತು. ಬೇಡವಾದ ಮಗುವೆಂದು ಸಾವು ಬಿಟ್ಟುಹೋಗಲಿ ಎಂಬ ಆಸೆ. ಎಷ್ಟು ಕೂಸುಗಳನ್ನು ಮಣ್ಣು ಮಾಡಿದ ಮೇಲೆ ಒಬ್ಬ ತಾಯಿ ಇಂಥದ್ದಕ್ಕೆ ಒಪ್ಪುತ್ತಾಳೆ?

ಕೊಂದದ್ದೇನು ಎಂಬುದಕ್ಕೂ ದಾಖಲೆಯಿದೆ. 1871ರಲ್ಲಿ 50 ಲಕ್ಷ ಮುಟ್ಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ, 1876–78ರ ಕ್ಷಾಮ ಮುಗಿದ ಮೇಲಿನ 1881ರ ಗಣತಿಯಲ್ಲಿ 42 ಲಕ್ಷಕ್ಕಿಳಿದಿತ್ತು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂತು. ಬಸವನಗುಡಿ, ಮಲ್ಲೇಶ್ವರದಂಥ ಅಗಲ ರಸ್ತೆಯ ಬಡಾವಣೆಗಳು ಎದ್ದದ್ದು ಅದರ ಬೆನ್ನಿಗೇ. ಹಳ್ಳಿಗಳಲ್ಲಿ ಜನ ಊರು ಬಿಟ್ಟು ಹೊಲಗಳಲ್ಲಿ ಗುಡಿಸಲು ಹಾಕಿಕೊಂಡರು. 1918ರ ಇನ್‌ಫ್ಲುಯೆಂಜಾ ಭಾರತದಲ್ಲಿ ಒಂದು ಕೋಟಿಗೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಇಪ್ಪತ್ತನೇ ಶತಮಾನದಲ್ಲಿ ದೇಶದ ಜನಸಂಖ್ಯೆ ಕುಗ್ಗಿದ್ದು 1911–21ರ ದಶಕದಲ್ಲಿ ಮಾತ್ರ. 1947ರ ಅಂದಾಜಿನಂತೆ ಮಲೇರಿಯಾ ವರ್ಷಕ್ಕೆ ಏಳೂವರೆ ಕೋಟಿ ಜನರನ್ನು ಮಲಗಿಸಿ, ಎಂಟು ಲಕ್ಷ ಜನರನ್ನು ಕೊಲ್ಲುತ್ತಿತ್ತು. ಸಿಡುಬು ಈ ದೇಶ ಬಿಟ್ಟು ತೊಲಗಿದ್ದು 1975ರಲ್ಲಿ. ಹೀಗೆ ಸತ್ತವರಲ್ಲಿ ಹೆಚ್ಚಿನವರು ರಾಸಾಯನಿಕ ಗೊಬ್ಬರ ಕಾಣದ ಬೆಳೆ ಉಂಡವರು, ಮೈಮುರಿದು ದುಡಿಯುವ ಮನೆಗಳವರೇ.

ರಾಗಿ ಒಳ್ಳೆಯ ಧಾನ್ಯ, ಅದಕ್ಕೆ ತಕರಾರಿಲ್ಲ. ಮೈ ಬಗ್ಗದ ಕೆಲಸ, ಅತಿಯಾದ ಅನ್ನ ಸಕ್ಕರೆಗಳ ಬಗೆಗಿನ ಎಚ್ಚರಿಕೆಯೂ ಸರಿಯೇ; 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಅಂದಾಜಿನಲ್ಲಿ ದೇಶದ ಮಧುಮೇಹಿಗಳು 10 ಕೋಟಿ ದಾಟಿದ್ದಾರೆ. ಆದರೆ ಮಧುಮೇಹ, ಹೃದ್ರೋಗಗಳು ಹೆಚ್ಚಾಗಿ ನಡುವಯಸ್ಸು ದಾಟಿದವರ ಕಾಯಿಲೆಗಳು. ಆ ವಯಸ್ಸು ಮುಟ್ಟುವ ಮೊದಲೇ ಹೋದವರಿಗೆ ಅವು ಬರಲು ಅವಕಾಶವೆಲ್ಲಿತ್ತು? ಬಂದವರಲ್ಲೂ ರಕ್ತ ಪರೀಕ್ಷೆ ಮಾಡಿಸಿದವರು ಎಷ್ಟು ಜನ?

ಹಿಂದಿನದೆಲ್ಲ ಚೆನ್ನಾಗಿತ್ತು ಎಂಬ ಇದೇ ಕನಸಿನ ಇನ್ನೊಂದು ತುಂಡು, ಪ್ರತಿ ಮನೆಯೂ ನಲವತ್ತು ಜನರ ಕೂಡು ಕುಟುಂಬವಾಗಿತ್ತು ಎಂಬುದು. ಗಣತಿಗಳು ತೋರಿಸುವ ಮನೆಯ ಸರಾಸರಿ ಗಾತ್ರ ಹಿಂದೆಯೂ ಐದರ ಆಚೀಚೆಯೇ. ಅಷ್ಟು ಬೇಗ ಸಾಯುತ್ತಿದ್ದ ಕಾಲದಲ್ಲಿ ಮೂರು ತಲೆಮಾರು ಒಂದೇ ಸೂರಿನಡಿ ಬಹುಕಾಲ ಕೂಡಿರುವುದೂ ಸುಲಭವಿರಲಿಲ್ಲ.

ಹಿಂದಿನವರೇ ಗಟ್ಟಿ ಎಂಬ ನಂಬಿಕೆ ಹಳೆಯ ಕಾಲದ ಮೇಲಿನ ಪ್ರೀತಿಯಷ್ಟೇ ಆಗಿದ್ದರೆ ಸುಮ್ಮನಿರಬಹುದಿತ್ತು. ಆದರೆ ಅದು ಮಕ್ಕಳ ಲಸಿಕೆಯವರೆಗೂ ಬಂದು ಮುಟ್ಟುತ್ತದೆ. "ಆಗ ಸೂಜಿಮದ್ದು ಎಲ್ಲಿತ್ತು, ನಾವು ಬೆಳೆಯಲಿಲ್ಲವೇ?" ಎಂದು ಬೆಳೆದು ಉಳಿದವರು ಕೇಳುತ್ತಾರೆ, ಉಳಿಯದವರು ಉತ್ತರ ಕೊಡಲಾರರು. 2017ರಲ್ಲಿ ದಡಾರ–ರುಬೆಲ್ಲಾ ಲಸಿಕೆ ಅಭಿಯಾನ ಬೆಂಗಳೂರಿನಿಂದ ಶುರುವಾದಾಗ, ದಕ್ಷಿಣದ ರಾಜ್ಯಗಳಲ್ಲಿ ವಾಟ್ಸಾಪ್ ವದಂತಿಗಳನ್ನು ನಂಬಿ ಮಕ್ಕಳಿಗೆ ಲಸಿಕೆ ಬೇಡವೆಂದ ಪೋಷಕರಿದ್ದರು. ಆ ಲಸಿಕೆಯ ಮೊದಲ ಡೋಸ್ 9ರಿಂದ 12 ತಿಂಗಳೊಳಗೆ, ಎರಡನೆಯದು 16ರಿಂದ 24 ತಿಂಗಳೊಳಗೆ. ಸರ್ಕಾರಿ ಆಸ್ಪತ್ರೆಯಲ್ಲಿ ಅದಕ್ಕೆ ದುಡ್ಡಿಲ್ಲ. ದಿನ ತಪ್ಪಿದರೆ ಆಶಾ ಕಾರ್ಯಕರ್ತೆ ಮನೆಗೇ ಬಂದು ಕರೆಯುತ್ತಾಳೆ.